ಒಂದೇ ಸಲ ಕೇಳುವ ಊರು

ನಾನು ಯಾರ ಮೇಲೂ ಹಗೆ ಇಟ್ಟುಕೊಳ್ಳುವವನಲ್ಲ. ನಡೆದದ್ದನ್ನು ನಡೆದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ, ಅಷ್ಟೆ. ಮೂವತ್ತಮೂರು ವರ್ಷ ತಾಲ್ಲೂಕು ಕಚೇರಿಯಲ್ಲಿ ಕಡತ ಕಾಯ್ದವನಿಗೆ ಇದು ಅಂಟಿಕೊಂಡ ರೋಗ. ಪಕ್ಕದ ಕೊಹಿನೂರ ಹಳ್ಳಿಯ ಬೀಗರೊಬ್ಬರು ಅವರ ಮನೆಯ ತೊಟ್ಟಿಲ ಕಾರ್ಯದಲ್ಲಿ ನನ್ನನ್ನು ಊಟಕ್ಕೆ ಏಳಿರೆಂದು ಎರಡೇ ಸಲ ಹೇಳಿದರು. ಆ ತೊಟ್ಟಿಲ ಕೂಸು ಈಗ ಕಾಲೇಜಿಗೆ ಹೋಗುತ್ತಿದೆ. ನಾನು ಆ ಮನೆಯ ಹೊಸ್ತಿಲು ತುಳಿದಿಲ್ಲ.

ಹೊರಗಿನವರಿಗೆ ಇದು ಅತಿಯೆನಿಸಬಹುದು. ನಮ್ಮ ಹುಮನಾಬಾದಿನಲ್ಲಿ ಒಬ್ಬರು ಚಹಾ ಕುಡಿಯಿರಿ ಎಂದರೆ, ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮತ್ತೆ ಹೇಳಿದರೆ, ಸುಮ್ಮನೆ ನಿಮಗೆ ತ್ರಾಸು ಯಾಕೆ ಎನ್ನಬೇಕು. ಮೂರನೆಯ ಸಲ ಅವರು ಕೈ ಹಿಡಿದು ಕೂರಿಸುತ್ತಾರೆ, ಆಗ ಕುಡಿಯಬೇಕು. ನನ್ನ ಅಂಗಿ ಹೊಲಿಯುವ ಖಾಜಾಮಿಯಾ ಇದಕ್ಕೆ 'ತಕಲೂಫ್' ಎನ್ನುತ್ತಾರೆ. ಈದ್ ದಿನ ಅವರ ಮನೆಯ ಶೀರ್ ಖುರ್ಮಾವನ್ನು ನಾನು ಎರಡು ಸಲ ಬೇಡವೆಂದು, ಮೂರನೆಯ ಸಲ ಎರಡು ಬಟ್ಟಲು ಕುಡಿದು ಬರುತ್ತೇನೆ. ಮೋರಖಂಡಿಯಲ್ಲಂತೂ ಉಣ್ಣದೆ ಹೊರಟ ನನ್ನನ್ನು ಸೋದರಮಾವ ಬಸ್‌ ನಿಲ್ದಾಣದವರೆಗೆ ಬಂದು, ಹತ್ತಿದ ಬಸ್ಸಿನಿಂದ ಇಳಿಸಿಕೊಂಡು ಹೋಗಿದ್ದರು. ಅದು ಮರ್ಯಾದೆ.

ಇಂಥ ನಾನು ಕಳೆದ ಚಳಿಗಾಲದಲ್ಲಿ ಹೊನ್ನಾವರಕ್ಕೆ ಹೋದೆ. ಬಸವಕಲ್ಯಾಣದ ನನ್ನ ಅಳಿಯ ಶಿವರಾಜರು ಕಾರು ತಂದು, ಬರಬೇಕೆಂದು ನಾಲ್ಕು ಸಲ ಹೇಳಿದ್ದರಿಂದ ಹೊರಟೆ. ಮಗಳು ಮತ್ತು ನನ್ನ ಹೆಂಡತಿ ಶಾಂತಾಬಾಯಿ ಜೊತೆಗಿದ್ದರು. ಅರವತ್ತೇಳು ತುಂಬಿದರೂ ನಾನು ಸಮುದ್ರ ಕಂಡವನಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ಹೊಳೆ ಸಮುದ್ರ ಸೇರುವುದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಹಳೆಯ ಆಸೆ. ನಮ್ಮ ಕಡೆಯ ಹಳ್ಳಗಳು ನಮ್ಮ ಸರಹದ್ದು ದಾಟಿದ ಮೇಲೆ ಏನಾದವು ಎಂದು ಯಾರಿಗೂ ಗೊತ್ತಿಲ್ಲ. ಮೇಲಿನ ಕಚೇರಿಗೆ ಹೋಗಿ ಆದೇಶವಿಲ್ಲದೆ ಉಳಿದ ಕಡತದಂತೆ. ಅಲ್ಲಿ ಶರಾವತಿ ಕಡಲಿಗೆ ಸೇರುವ ಅಳಿವೆಯವರೆಗೆ ದೋಣಿ ಹೋಗುತ್ತದೆಂದು ಕೇಳಿ, ಒಳಗೊಳಗೇ ಮಗುವಿನಂತೆ ಕುಣಿದೆ.

ಊರು ಸೊಗಸಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ. ಕಾಂಡ್ಲಾ ಗಿಡಗಳು ನೀರಿನಲ್ಲೇ ಬೇರು ಊರಿ ನಿಂತಿವೆ. ಸಂಜೆ ಸೂರ್ಯ ಯಾವ ಗುಡ್ಡದ ಅಡ್ಡಿಯೂ ಇಲ್ಲದೆ ನೇರ ನೀರಿಗಿಳಿಯುತ್ತಾನೆ. ಬೆಳಿಗ್ಗೆ ಬಾಳೆಹಣ್ಣಿನ ಬನ್ಸು, ಮಧ್ಯಾಹ್ನ ಕೋಕಂ ಶರಬತ್ತು. ತಕರಾರಿರುವುದು ಅಲ್ಲಿಯ ಜನರ ನಡವಳಿಕೆಯ ಬಗ್ಗೆ. ಖಾನಾವಳಿಯ ಮಾಣಿ ಬನ್ಸಿನ ತಟ್ಟೆ ಹಿಡಿದು, ಇನ್ನೊಂದು ಬೇಕೇ ಎಂದ. ನಾನು ಪದ್ಧತಿಯಂತೆ ಸಾಕೆಂದೆ. ಅವನು "ಅಡ್ಡಿಲ್ಲ" ಎಂದು ಮುಂದಿನ ಮೇಜಿಗೆ ಹೋದ. ಆ ಬನ್ಸನ್ನು ಬೇರೆ ಯಾರೋ ತಿಂದರು; ನೀಲಿ ಅಂಗಿ ತೊಟ್ಟಿದ್ದರು, ನೆನಪಿದೆ. ವಸತಿಗೃಹದ ಯಜಮಾನತಿ ತಂಬುಳಿ ಬಡಿಸಲು ಬಂದು ಹಾಗೆಯೇ ಹಿಂತಿರುಗಿದರು. ಎಳನೀರಿನವನು ಕತ್ತಿಯನ್ನೂ ಎತ್ತಲಿಲ್ಲ. ಬೇಡವೆಂದರೆ ಬೇಡವೆಂದೇ ತಿಳಿಯುವ ಇಂಥ ಒರಟು ಜನರನ್ನು ನಾನು ಕಂಡಿರಲಿಲ್ಲ.

ಮೊದಲ ಸಂಜೆ ಅಳಿಯ, ಮಗಳು ಪೇಟೆಗೆ ಹೋಗಿದ್ದಾಗ ನಾನೂ ಶಾಂತಾಬಾಯಿಯೂ ಹೊಳೆಯ ದಡದಲ್ಲಿ ಕುಳಿತಿದ್ದೆವು. ದೋಣಿಯವನು ತಾನಾಗಿ ಬಂದು, "ಅಳಿವೆ ನೋಡೂಕೆ ಬರ್ತ್ರಾ?" ಎಂದು ಕೇಳಿದ. ನನ್ನ ಮನಸ್ಸು ಆಗಲೇ ದೋಣಿ ಹತ್ತಿತ್ತು. ಬಾಯಿ ಮಾತ್ರ ಹುಮನಾಬಾದಿನದು. "ಇರ್ಲಿ ಬಿಡ್ರಿ, ನಮಗ್ಯಾಕ" ಎಂದೆ. ಅವನು ಅಡ್ಡಿಲ್ಲವೆಂದು ಹೋಗಿಯೇಬಿಟ್ಟ. ತಿರುಗಿ ನೋಡಿಯಾನೆಂದು ದೋಣಿ ಮರೆಯಾಗುವವರೆಗೆ ಕಾದೆ.

ಶಾಂತಾಬಾಯಿ ನಗುತ್ತಿದ್ದಳು. "ಬರ್ತೀನಿ ಅನ್ಲಿಕ್ಕ ಏನಾಗಿತ್ರಿ ನಿಮಗ?"

"ಇನ್ನೊಮ್ಮೆ ಕೇಳಿದ್ರ ಅವನ ಗಂಟೇನು ಹೋಗ್ತಿತ್ತು?" ಎಂದೆ.

"ಅವನ ಬೀಗರೇನ್ರಿ ನೀವು?"

ಆ ರಾತ್ರಿ ಹಾಸಿಗೆಯಲ್ಲಿ ಒಂದು ಕಠಿಣ ನಿರ್ಧಾರ ಮಾಡಿದೆ. ಮರುದಿನ ಮಧ್ಯಾಹ್ನ ಹೊರಡುವವರಿದ್ದೆವು. ಬೆಳಿಗ್ಗೆ ಅಳಿಯ, ಮಗಳು ಕಾರಿಗೆ ಸಾಮಾನು ತುಂಬುತ್ತಿರುವಾಗ ಹೆಂಡತಿಯನ್ನು ಕರೆದುಕೊಂಡು ದಡಕ್ಕೆ ನಡೆದೆ. ಹುಬ್ಬಳ್ಳಿಯ ಒಂದು ಸಂಸಾರ ಆಗಲೇ ದೋಣಿಯಲ್ಲಿ ಕುಳಿತಿತ್ತು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ, ಯಾರೂ ಕೇಳದೆ, ನಾವೂ ಬರುತ್ತೇವೆ ಎಂದು ಹೇಳಿದೆ. ಹೇಳುವಾಗ ಕಿವಿ ಬಿಸಿಯಾದವು. ದೋಣಿಯವನು ಜಾಗ ನೋಡಿ, ಒಬ್ಬರಿಗಷ್ಟೇ ಸ್ಥಳವಿದೆ, ಮುಂದಿನ ದೋಣಿ ಸಂಜೆಗೆ ಎಂದ.

ಶಾಂತಾಬಾಯಿ ತಡಮಾಡಲಿಲ್ಲ. "ನೀವು ಹೋಗಿ ಬರ್ರಿ" ಎಂದಳು.

ಈ ಹೆಂಗಸು ನಲವತ್ತೊಂದು ವರ್ಷದಿಂದ ನನಗೆ ಪ್ರತಿ ರೊಟ್ಟಿಯನ್ನೂ ಮೂರು ಸಲ ಕೇಳಿ ಬಡಿಸಿದವಳು. ಆ ಧೈರ್ಯದ ಮೇಲೆ, "ನಾ ಯಾಕ, ನೀನ ಹೋಗು" ಎಂದೆ. ಎಂದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಎರಡನೆಯ ಮಾತಿಗಾಗಿ ನಿಂತೆ.

"ಅಡ್ಡಿಲ್ಲ ಬಿಡ್ರಿ" ಎಂದಳು ಶಾಂತಾಬಾಯಿ. ಸೆರಗು ಬಿಗಿದು, ದೋಣಿಯವನ ಕೈ ಹಿಡಿದು ಹತ್ತಿ ಕುಳಿತಳು.

ಎರಡೇ ದಿನದಲ್ಲಿ ಆ ಊರು ನನ್ನ ಮನೆ ಹೊಕ್ಕಿತ್ತು. ಅವಳು ಮರಳಿ ಬಂದಾಗ ಮುಖವೆಲ್ಲ ಉಪ್ಪು, ನಗು. ಸಿಹಿನೀರೂ ಉಪ್ಪುನೀರೂ ಸೇರುವಲ್ಲಿ ಬಣ್ಣದ ಗೆರೆ ಎಳೆದಂತಿದೆ, ದೋಣಿ ಆ ಗೆರೆಯ ಮೇಲೆ ತೊಟ್ಟಿಲಿನಂತೆ ತೂಗಿತು ಎಂದು ಕಾರಿನಲ್ಲಿ ನಮ್ಮೂರ ಹತ್ತಿರದ ಹಳ್ಳಿಖೇಡ ದಾಟುವವರೆಗೂ ವರ್ಣಿಸಿದಳು. ನಾನು ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತಿದ್ದೆ. ಒಂದಕ್ಷರವೂ ತಪ್ಪದಂತೆ ಎಲ್ಲ ಕೇಳಿಸಿಕೊಂಡೆ.

ಮೊನ್ನೆ ಶಿವರಾಜರು ಬಂದಿದ್ದರು. "ಮಾವಾರ, ದೀಪಾವಳಿ ರಜಾಕ್ಕ ಮತ್ತ ಅಲ್ಲಿಗೇ ಹೊಂಟೀವ್ರಿ. ಬರ್ತೀರೇನ್ರಿ?" ಎಂದು ಕೇಳಿದರು.

"ನಮದೇನದ ಬಿಡ್ರಿ, ನೀವು ಹೋಗಿ ಬರ್ರಿ" ಎಂದೆ.

ಅವರು ಹೌದ್ರಿ ಎಂದು ಚಹಾ ಮುಗಿಸಿ ಬಸವಕಲ್ಯಾಣಕ್ಕೆ ಹೊರಟುಹೋದರು. ಮತ್ತೆ ಕೇಳಲು ಅವರಿಗೆ ಇನ್ನೂ ಹದಿನೆಂಟು ದಿನಗಳಿವೆ. ನಾನಾಗಿ ಫೋನು ಮಾಡುವ ಪ್ರಶ್ನೆಯೇ ಇಲ್ಲ. ಕಪಾಟಿನ ಹಿಂದೆ ಒಂದು ಚೀಲದಲ್ಲಿ ಎರಡು ಧೋತರ, ಒಂದು ಟವೆಲು, ಬಿಸಿಲಿನ ಟೋಪಿ ಮಡಚಿ ಇಟ್ಟಿದ್ದೇನೆ. ಶಾಂತಾಬಾಯಿ ಕಂಡು ಕೇಳಿದರೆ, ಹಳೆಯ ಬಟ್ಟೆ, ಯಾರಿಗಾದರೂ ಕೊಡಲಿಕ್ಕೆ ಎಂದು ಹೇಳುತ್ತೇನೆ. ಈಗೀಗ ಅವಳೂ ಒಂದೇ ಸಲ ಕೇಳಿ ಸುಮ್ಮನಾಗುತ್ತಾಳೆ.