ಟಿಕೆಟ್ ಇಕ್ಕಳ ಮತ್ತು ನನ್ನ ಮಣಿಕಟ್ಟು

ಕೈ ನೆಟ್ಟಗಿರುವ ತನಕ ಅದರೊಳಗೆ ಏನೇನಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಹರಪನಹಳ್ಳಿಯಿಂದ ಕೊಟ್ಟೂರಿನ ಮೇಲೆ ಕೂಡ್ಲಿಗಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರಾದ ನಾನಂತೂ, ಬಲಗೈ ಇರುವುದೇ ಟಿಕೆಟ್‌ಗೆ ತೂತು ಹಾಕುವ ಇಕ್ಕಳ ಹಿಡಿಯಲಿಕ್ಕೆ ಎಂದು ತಿಳಿದಿದ್ದೆ. ಟಿಕೆಟ್ ಕೊಡಲಿ ಬಿಡಲಿ, ಅದನ್ನು ಟಕಟಕ ಅನ್ನಿಸುತ್ತ ಓಡಾಡದಿದ್ದರೆ ನನಗೆ ಡ್ಯೂಟಿ ಮಾಡಿದಂತೆಯೇ ಆಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಜೋಮು ಹಿಡಿಯಿತು. ಕಿರುಬೆರಳು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಆರಾಮಾಗಿತ್ತು. ಒಮ್ಮೆ ಇಕ್ಕಳ ಜಾರಿ ಅಜ್ಜಿಯೊಬ್ಬಳ ಎಲೆಯಡಿಕೆ ಚೀಲಕ್ಕೆ ಬಿತ್ತು. ಬಸ್ಸಿನ ಮಾಲೀಕರು, “ಕೈ ನೆಟ್ಟಗಾಗಲಿಲ್ಲಂದ್ರ ಕಂಡಕ್ಟರ್ ಬ್ಯಾಗು ಬ್ಯಾರೆಯವ್ರಿಗೆ ಕೊಡ್ತೀನಿ ನೋಡು” ಅಂದರು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ನಿಜಕ್ಕೂ ಹೆದರಿದೆ. ಡ್ರೈವರ್ ಬಷೀರ್, “ಕೈ ಸೊರಗೈತಿ, ಅದಕ್ಕ ಕಸರತ್ತು ಬೇಕಲೇ” ಅಂದ. ನನಗೆ ಗೊತ್ತಿದ್ದ ಕಸರತ್ತು ಒಂದೇ. ಬಸ್ ನಿಂತಾಗಲೂ ಇಕ್ಕಳ ಅದುಮಿದೆ. ನೋವು ಮೊಣಕೈವರೆಗೆ ಏರಿತು.

ಕೊಟ್ಟೂರಿನ ಡಾಕ್ಟರಮ್ಮ ನನ್ನ ಅಂಗೈ ಒತ್ತಿ ನೋಡಿ ಹೇಳಿದರು: “ಮಣಿಕಟ್ಟಿನಾಗ ಒಂದು ಸಣ್ಣ ಸುರಂಗ ಐತ್ರಿ. ಬೆರಳು ಮಡಚೋ ಹುರಿಗಳು, ಒಂದು ನರ, ಎಲ್ಲಾ ಅದರಾಗೇ ಹಾಯಬೇಕು. ಅಂಗೈಯಾಗಿನ ಸಣ್ಣ ಸ್ನಾಯುಗಳು ಎಲುಬಿಗಲ್ಲ, ಆ ಹುರಿಗೇ ಜೋತುಬಿದ್ದು ಬೆರಳಿಗೆ ನಾಜೂಕು ಕಲಿಸ್ತಾವು. ಮುಷ್ಟಿ ಬಿಗಿದ್ರ ಅವೂ ಸುರಂಗದೊಳಗ ಸರೀತಾವು. ನಿಮ್ಮವು ಜಾಸ್ತಿನ ಸರೀತಾವು ಅಂತ ಕಾಣತೈತಿ. ಪಾಪ, ನರಕ್ಕ ಜಾಗ ಇಲ್ಲ.”

“ಫುಟ್‌ಬೋರ್ಡಿನ ಮಂದಿ!” ಅಂದೆ. ಮೂಳೆಯನ್ನು ಬಿಟ್ಟು ಹುರಿಗೆ ಜೋತುಬಿದ್ದು, ಬೆರಳಿಗೆ ನಾಜೂಕು ಕಲಿಸುವ ಆ ಪುಟಾಣಿಗಳ ಮೇಲೆ ನನಗೆ ಅಭಿಮಾನವೇ ಉಕ್ಕಿತು. ಅಷ್ಟು ಇಕ್ಕಟ್ಟಿನಲ್ಲಿ ಇಷ್ಟು ವರ್ಷ ತಕರಾರಿಲ್ಲದೆ ಸಾಗಿದವಲ್ಲ! ನನ್ನ ಬಸ್ಸಿನಲ್ಲಿ ಊರು ದಾಟುವುದರೊಳಗೆ ಎರಡು ಜಗಳ ಮುಗಿದಿರುತ್ತಿದ್ದವು.

“ಅದು ಸರಿ, ಈಗ್ಯಾಕ ಅದುಮಾಕತ್ತೀರಿ?” ಎಂದರು ಡಾಕ್ಟರಮ್ಮ. ನೋಡಿದರೆ ಇಕ್ಕಳ ಯಾವಾಗಲೋ ಮತ್ತೆ ಕೈಗೆ ಬಂದಿತ್ತು. ಮೆಲ್ಲಗೆ ತೆಗೆದುಕೊಂಡರು, ಆದರೂ ಬೆರಳುಗಳು ಬರಿಗಾಳಿಯನ್ನೇ ಅದುಮುತ್ತಿದ್ದವು. ಮಣಿಕಟ್ಟಿಗೆ ಪಟ್ಟಿ ಕಟ್ಟಿ, “ಕೆಲವು ವಾರ ಎಡಗೈಲೆ ಒತ್ರಿ. ಆಮೇಲೂ ಟಿಕೆಟ್ ಇದ್ರಷ್ಟ ಒತ್ರಿ” ಅಂದರು.

ಕೈ ಉಳಿಯಿತು, ಬ್ಯಾಗೂ ಉಳಿಯಿತು. ಆದರೆ ಸದ್ದಿಲ್ಲದ ನನ್ನನ್ನು ಜನ ಗುರುತಿಸುವುದನ್ನೇ ಬಿಟ್ಟರು. ಒಬ್ಬರಂತೂ ನನಗೇ, “ಸ್ವಲ್ಪ ಸರೀರಿ, ಕಂಡಕ್ಟರ್ ಬರೋ ಹೊತ್ತಾತು” ಅಂದುಬಿಟ್ಟರು. ಅಂದಿನಿಂದ ನಾಲಿಗೆಯಲ್ಲೇ ಟಕಟಕ ಅನ್ನಿಸಲು ಶುರುಮಾಡಿದೆ. ಕೆಲವು ತಿಂಗಳಲ್ಲಿ ಅದಕ್ಕೂ ಸಣ್ಣಗೆ ಜೋಮು ಬಂದಂತಾಯಿತು. ಡಾಕ್ಟರಮ್ಮ ಅದಕ್ಕೂ ಪಟ್ಟಿ ಕಟ್ಟಿಯಾರೆಂದು ಹೇಳುವ ಧೈರ್ಯವಾಗಲಿಲ್ಲ. ನಾಲಿಗೆಯೆಂದರೆ ಪೂರ್ತಿ ಸ್ನಾಯುವೇ ಅಂತೆ.