ಬಾಮೈದ ಬೀರು ಮಾಡುತ್ತಾನೆ

ಕೆಜಿಎಫ್‌ನಲ್ಲಿ ಒಬ್ಬರ ಬಾಯಿಂದ ಹೊರಟ ಮಾತು ಎದುರಿನವರ ಕಿವಿ ಸೇರುವಷ್ಟರಲ್ಲಿ ಎರಡು ಭಾಷೆ ದಾಟಿರುತ್ತದೆ. ಹೊರಟಾಗ ಒಂದು ಅರ್ಥ, ತಲುಪಿದಾಗ ಇನ್ನೊಂದು. ಹಾಗಾಗಿ ನಮ್ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಂದು ವಾರ ಏನೂ ಆಗಲಿಲ್ಲವೆಂದರೆ ನನ್ನ ಹೆಂಡತಿ ತವರಿಗೆ ಹೋಗಿದ್ದಾಳೆ ಎಂದು ತಿಳಿಯಬೇಕು.

ನಾನು ದಾವಣಗೆರೆ ಕಡೆಯವನು. ಇಲ್ಲಿನ ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಅನ್ನುವುದು ನನ್ನ ಕೆಲಸ. ಗೇಟಿನಿಂದ ಹೊರಗೆ ಬಂದರೆ ನಾನು ಯಾವುದನ್ನೂ ರಿಜೆಕ್ಟ್ ಮಾಡುವವನಲ್ಲ. ಕಂಡದ್ದಕ್ಕೆಲ್ಲ ಬೆರಗಾಗುವುದು ನನ್ನ ಹುಟ್ಟುಗುಣ. ನೀವು ಬಾಯಿ ತೆರೆದುಕೊಂಡು ನಿಲ್ಲುವುದನ್ನು ಕಂಡರೆ ನೊಣಕ್ಕೂ ಮನೆ ಕಟ್ಟುವ ಆಸೆಯಾಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ಚಳಿಗಾಲದ ರಜೆಯಲ್ಲಂತೂ ಬಾಯಿ ಮುಚ್ಚಲು ನನಗೆ ಪುರುಸೊತ್ತೇ ಸಿಗಲಿಲ್ಲ.

೧. ಬೀಗ ಗಟ್ಟಿ ಇರ್ಲಿ

ಹೆಂಡತಿಯ ತವರು ಬಂಗಾರಪೇಟೆಗೆ ಹತ್ತಿರದ ಒಂದು ಹಳ್ಳಿ. ಹಸು, ರಾಗಿ ಹೊಲ, ಪ್ರೀತಿಗೆಂದು ಉಳಿಸಿಕೊಂಡ ಒಂದು ಜೊತೆ ಎತ್ತು. ಅವಳ ತಮ್ಮ, ಅಂದರೆ ನನ್ನ ಬಾಮೈದ, ಬೆಂಗಳೂರಿನಲ್ಲಿ ಬಿಯರನ್ನು ತಾವೇ ತಯಾರಿಸಿ ಅಲ್ಲೇ ಕುಡಿಸುವ ಒಂದು ಜಾಗದಲ್ಲಿ ಕೆಲಸಕ್ಕೆ ಸೇರಿದ. ಗಾಜಿನ ಗೋಡೆಯ ಹಿಂದೆ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳು. ಹಾಲಿನ ಕ್ಯಾನು ತೊಳೆದು ಬೆಳೆದವನಿಗೆ ಟ್ಯಾಂಕು ತೊಳೆಯುವುದು ಕಷ್ಟವಾಗಲಿಲ್ಲ, ಬೇಗ ಬಿಯರ್ ಕಾಯಿಸುವವನೇ ಆಗಿಬಿಟ್ಟ.

ಕಷ್ಟವಿದ್ದದ್ದು ಮನೆಯಲ್ಲಿ. ನಮ್ಮ ಮಾವನವರದು ಒಂದೇ ಕಾನೂನು. ಕುಡಿದ ವಾಸನೆ ಇರುವವನು ಅವರ ಅಂಗಳ ತುಳಿಯಬಾರದು, ಎತ್ತಿನ ಹಗ್ಗ ಮುಟ್ಟಬಾರದು. ಒಂದು ಸಂಕ್ರಾಂತಿಗೆ ಅವರ ಸ್ವಂತ ತಮ್ಮನೇ ಸ್ವಲ್ಪ ಏರಿಸಿಕೊಂಡು ಬಂದಾಗ, ಎತ್ತು ಕಿಚ್ಚು ಹಾಯುವುದನ್ನು ಆ ತಮ್ಮ ಗೇಟಿನಾಚೆ ನಿಂತೇ ನೋಡಬೇಕಾಯಿತು. ಊಟದ ಎಲೆಯೂ ಗೇಟಿಗೇ ಹೋಯಿತು. ಬಾಮೈದನಿಗೋ ಪ್ರಪಂಚದಲ್ಲಿ ಇರುವುದು ಅದೊಂದೇ ಹಬ್ಬ. ಬಲಗಡೆ ಎತ್ತಿನ ಹಗ್ಗ ಅಪ್ಪನ ಕೈಯಲ್ಲಿ, ಎಡಗಡೆಯದು ಇವನ ಕೈಯಲ್ಲಿ, ಇಬ್ಬರೂ ಬೆಂಕಿಯ ಪಕ್ಕದಲ್ಲಿ ಓಡಬೇಕು. ತಾನೂ ಒಂದು ದಿನ ಗೇಟಿನಾಚೆ ನಿಲ್ಲಬೇಕಾಗುತ್ತದೆ ಅನ್ನುವ ಭಯ ಅವನನ್ನು ತಿನ್ನುತ್ತಿತ್ತು.

ಆದರೂ ಅವನು ಸುಳ್ಳು ಹೇಳುವವನಲ್ಲ. ಏನು ಕೆಲಸ ಎಂದು ಅಪ್ಪ ಫೋನಿನಲ್ಲಿ ಕೇಳಿದಾಗ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ: "ಬೀರು ಮಾಡೋ ಕಡೆ ಸೇರ್ಕಂಡಿದೀನಪ್ಪ."

ಮಾವನವರು ಹೇಳಿದರು: "ಒಳ್ಳೇ ಕೆಲ್ಸ ಕಣ್ಲಾ. ಮನೆಗೊಂದು ಬೇಕೇ ಬೇಕು. ಬೀಗ ಮಾತ್ರ ಗಟ್ಟಿ ಇರ್ಲಿ."

ಅವರನ್ನು ತಪ್ಪು ಅನ್ನುವಂತಿಲ್ಲ. ಕನ್ನಡದಲ್ಲಿ ಬೀರು, ತಮಿಳಿನಲ್ಲಿ ಬೀರೋ, ತೆಲುಗಿನಲ್ಲಿ ಬೀರುವಾ. ನಮ್ಮ ಸೀಮೆಯಲ್ಲಿ ಮೂರು ಭಾಷೆಯವರೂ ಅದರಲ್ಲಿ ಸೀರೆ, ಒಡವೆ ಇಡುತ್ತಾರೆಯೇ ಹೊರತು ಅದನ್ನು ಕುಡಿಯುವುದಿಲ್ಲ. ಮಾವನವರು ಹಾಲಿನ ಡೇರಿಯ ಮುಂದೆ ನಿಂತು ನನ್ನ ಮಗ ಬೀರು ಮಾಡುತ್ತಾನೆ ಎಂದು ಕಂಡಕಂಡವರಿಗೆಲ್ಲ ಹೇಳಿದರು. ತಾನು ಸುಳ್ಳು ಹೇಳಿಲ್ಲವಲ್ಲ ಎಂದು ಬಾಮೈದ ತಿದ್ದಲು ಹೋಗಲಿಲ್ಲ. ಹಬ್ಬಕ್ಕೆ ಬಂದ ಬಾಮೈದನನ್ನು ಹಿಡಿದು ಊರಿನವರೊಬ್ಬರು, ನನಗೊಂದು ಮಾಡಿಕೊಡು, ಒಳಗೆ ಪಂಚೆ ನೇತುಹಾಕಲು ಕಂಬಿ ಇರಲಿ ಎಂದರು.

೨. ಇಳಿಸಲು ಬಂದವರು

ಈ ಕ್ರಿಸ್‌ಮಸ್ ರಜೆಗೆ ಬಾಮೈದ ನೇರವಾಗಿ ಕೆಜಿಎಫ್‌ನ ಉರಿಗಾಂನಲ್ಲಿರುವ ನಮ್ಮ ಮನೆಗೆ ಬಂದ. ಕೈಯಲ್ಲೊಂದು ಥರ್ಮೋಕೋಲ್ ಡಬ್ಬ, ಒಳಗೆ ಐಸಿನ ನಡುವೆ ನಾಲ್ಕು ಥರದ ಬಿಯರು, ಒಂದೊಂದರದು ಎರಡು ಮೂರು ಬಾಟಲಿ. ಇಂಥದ್ದನ್ನು ಯಾವತ್ತೂ ಕುಡಿಯದವರ ನಾಲಿಗೆ ಏನು ಹೇಳುತ್ತದೆ ಎಂದು ತಿಳಿದುಕೊಂಡು ಬಾ ಎಂದು ಅವನ ಮೇಲಿನವರು ಕಳಿಸಿದ್ದರಂತೆ. ನಾನೊಬ್ಬ, ಜೊತೆಗೆ ಪಕ್ಕದ ಮನೆಯ ಆಂಟಿ ಸಾಕು ಎಂದು ತೀರ್ಮಾನವಾಯಿತು.

ಆಂಟಿ ಇಲ್ಲಿನ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ ಹುಟ್ಟಿ ಬೆಳೆದವರು, ಆಡುವುದು ತಮಿಳು ಬೆರೆತ ಕನ್ನಡ. ಕ್ರಿಸ್‌ಮಸ್‌ಗೆ ಅವರು ಮಾಡುವ ಶುಂಠಿ ವೈನ್ ಒಂದು ಲೋಟ ಕುಡಿದರೆ ಚಳಿ ಬೇತಮಂಗಲ ದಾಟಿ ಓಡುತ್ತದೆ. ನನ್ನ ಹೆಂಡತಿ ಕಾಂಪೌಂಡಿನ ಮೇಲಿಂದಲೇ, ತಮ್ಮ ಬೀರು ತಂದಿದ್ದಾನೆ, ಮಧ್ಯಾಹ್ನ ಚರ್ಚಿನ ಊಟ ಮುಗಿಸಿಕೊಂಡು ಬನ್ನಿ ಎಂದು ಕರೆದಳು.

ಆಂಟಿ ಬಂದರು. ಹಿಂದೆ ಅವರ ಅಣ್ಣನ ಮಕ್ಕಳಿಬ್ಬರು, ಕಟ್ಟುಮಸ್ತಾದ ಆಳುಗಳು. ಒಬ್ಬನ ಹೆಗಲಲ್ಲಿ ದಪ್ಪ ಹಗ್ಗ, ಇನ್ನೊಬ್ಬನ ಕೈಯಲ್ಲಿ ಗೋಣಿಚೀಲ. "ವಂಡಿ ಎಲ್ಲಿ ನಿಂತಿದೆ ಸೊಲ್ಲುಮಾ," ಎಂದರು ಆಂಟಿ, ರಸ್ತೆಯಲ್ಲಿ ಗಾಡಿ ಹುಡುಕುತ್ತಾ, "ಇವ್ರು ಇಳಿಸಿ ಒಳಗೆ ಇಟ್ಟು ಹೋಗ್ತಾರೆ. ಗೋಡೆಗೆ ತಾಗದಿರ ಮಾದಿರಿ ಗೋಣಿ ತಂದಿದೀವಿ."

ಬಾಮೈದ ಡಬ್ಬದ ಮುಚ್ಚಳ ತೆಗೆದು ತೋರಿಸಿದ. ಇಬ್ಬರೂ ಒಳಗೆ ಇಣುಕಿ ನೋಡಿ, ಹಗ್ಗವನ್ನು ಮೂಲೆಗೆ ಹಾಕಿ, ಗೋಣಿಚೀಲ ಹಾಸಿಕೊಂಡು ಅದರ ಮೇಲೆಯೇ ಕುಳಿತರು. ಬೀರು ಇಳಿಸಲು ಬಂದವರು ಬೀರು ಇಳಿಸಿಯೇ ಎದ್ದರು.

೩. ಬಾಳೆಹಣ್ಣಿಲ್ಲದ ಬಾಳೆಹಣ್ಣು

ಬಾಮೈದ ಮೊದಲು ಪಾಠ ಮಾಡಿದ. ಬಣ್ಣ ನೋಡಬೇಕು, ಲೋಟ ಅಲುಗಿಸಬೇಕು, ಮೂಸಬೇಕು, ಆಮೇಲೆ ಒಂದು ಗುಟುಕು. ಪ್ರತಿಯೊಬ್ಬರ ಲೋಟಕ್ಕೂ ತೀರ್ಥಕ್ಕಿಂತ ಸ್ವಲ್ಪ ಜಾಸ್ತಿ ಬಿಟ್ಟ.

ಮೊದಲನೆಯದು ಗೋಧಿಯದು, ಮೋಡ ಕವಿದ ಹಾಗೆ ಮಂಕು ಹಳದಿ. ಮೂಸಿದರೆ ಏಲಕ್ಕಿ ಬಾಳೆಹಣ್ಣು. ಎಷ್ಟು ಗೊನೆ ಹಾಕಿದ್ದೀಯಪ್ಪ ಎಂದೆ. ಒಂದು ಹಣ್ಣೂ ಹಾಕಿಲ್ಲ ಭಾವ, ಆ ವಾಸನೆಯನ್ನು ಹುದುಗು ಬರಿಸುವ ಜೀವಿ ಈಸ್ಟೇ ಹುಟ್ಟಿಸುತ್ತದೆ ಎಂದ. ನನಗೆ ನಂಬಿಕೆಯಾಗಲಿಲ್ಲ. ಟಾರ್ಚ್ ತಂದು ಬಾಟಲಿಯೊಳಗೆ ಬಿಟ್ಟು ನೋಡಿದೆ. ಬಾಳೆಹಣ್ಣಿನ ಗುರುತೂ ಇಲ್ಲ. ಇಲ್ಲದ ಹಣ್ಣು ಇಷ್ಟು ಚೆನ್ನಾಗಿ ಮಾಗಿದ್ದನ್ನು ನಾನು ಕಂಡಿರಲಿಲ್ಲ.

ಎರಡನೆಯದು ಕಪ್ಪು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುತ್ತಿದೆಯೇನೋ ಎಂದು ಹಿಂತಿರುಗಿ ನೋಡಿದೆ. ಕಾಫಿಪುಡಿಯೂ ಹಾಕಿಲ್ಲವಂತೆ, ಹುರಿದ ಬಾರ್ಲಿಯಂತೆ. ಮೂರನೆಯದು ಮೂಸಿದರೆ ಕಿತ್ತಳೆ ಸಿಪ್ಪೆ, ಕುಡಿದರೆ ಹಾಗಲಕಾಯಿ. ಮೂಗಿಗೆ ಹೇಳಿದ್ದೊಂದು, ನಾಲಿಗೆಗೆ ಕೊಟ್ಟಿದ್ದೊಂದು. ಇಷ್ಟು ದಿನ ಬಿಯರು ಅಂದರೆ ಒಂದೇ ಥರ ಅಂದುಕೊಂಡು ಬದುಕಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಮರುಕ ಬಂತು.

ನಾಲ್ಕನೆಯ ಬಾಟಲಿಗೆ ಚೀಟಿಯೂ ಇರಲಿಲ್ಲ. ತಂತಿ ಕೊಕ್ಕೆ ಎಳೆದು ಕೂರಿಸುವ ಮುಚ್ಚಳ. ಅದನ್ನು ಬಾಮೈದ ಮೊದಲು ಅಕ್ಕನಿಗೆ ಕೊಟ್ಟ. ಅವಳು ಕುಡಿಯುವವಳಲ್ಲ, ಮೂಸಿದಳು ಅಷ್ಟೆ. ಮೂಸಿದವಳು ಕಣ್ಣು ಮುಚ್ಚಿಕೊಂಡು ಹಾಗೇ ನಿಂತಳು.

"ಇದು ನಮ್ಮನೆ ಕಣ ಕಣೋ," ಎಂದಳು.

ಅವಳು ಹೇಳಿದ್ದು ನಿಜವಾಗಿತ್ತು. ಅದು ಬಾಮೈದ ತಾನೇ ಯೋಚಿಸಿ, ತನ್ನ ಕೈಯಾರೆ ಮಾಡಿದ ಮೊದಲ ಬಿಯರು, ರಾಗಿಯದು. ಅದೂ ಅಂಗಡಿಯ ರಾಗಿಯಲ್ಲ. ಕಂಪನಿಯವರು ಮುದ್ದೆ ಇಷ್ಟಪಡುತ್ತಾರೆ ಎಂದು ಹೇಳಿ ಅಪ್ಪನಿಂದ ಒಂದು ಮೂಟೆ ಒಯ್ದಿದ್ದ. ಅದೊಂದೇ ಅವನು ಹೇಳಿದ ಸುಳ್ಳು. ಮಾವನವರು ಸಂಭ್ರಮದಿಂದ ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಒಳ್ಳೆಯ ರಾಗಿಯನ್ನೇ ಕಳಿಸಿದ್ದರು. ಇವನು ಅದನ್ನು ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬಿಯರು ಮಾಡಿದ್ದ.

ನಾನು ಕುಡಿದೆ. ಹುರಿಹಿಟ್ಟಿನ ಘಮ, ಕೊನೆಯಲ್ಲಿ ಬೆಲ್ಲದ ನೆನಪಿನಷ್ಟು ಸಿಹಿ. ಲೋಟವನ್ನು ಕಿಟಕಿಯ ಬಿಸಿಲಿಗೆ ಹಿಡಿದರೆ ಕೆಂಪು ಬಂಗಾರ. ಈ ಊರಿನ ನೆಲದಿಂದ ಚಿನ್ನ ಬರುವುದು ನಿಂತಿತು ಎಂದು ಎಲ್ಲರೂ ಕೊರಗುತ್ತಾರೆ, ಅದು ನನ್ನ ಕೈಯಲ್ಲಿತ್ತು. ದಿನಾ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವ ರಾಗಿಯೊಳಗೆ ಇದು ಇಷ್ಟು ಕಾಲ ಸುಮ್ಮನೆ ಕೂತಿತ್ತೇ ಎಂದು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕಡೆಗೆ, ಪಾಸ್ ಎಂದೆ. ಬಾಮೈದನ ಕಣ್ಣಲ್ಲಿ ನೀರಿತ್ತು.

ಆಂಟಿ ತಮ್ಮ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟರು. "ಸ್ಯಾಂಪಲ್ ಎಲ್ಲಾ ರೊಂಬ ಚೆನ್ನಾಗಿದೆ ತಂಬಿ," ಎಂದರು. "ಈಗ ಸಾಮಾನು ತಾ."

೪. ಫ್ರಿಜ್ಜಿನಲ್ಲಿಡುವ ಬೀರು

ಹೊಸ ವರ್ಷದ ದಿನ ಮಾವನವರ ಫೋನು ಬಂತು. ಬಾಮೈದ ನಮ್ಮಲ್ಲೇ ಇದ್ದ, ಉಳಿದ ಬಿಯರನ್ನು ಒಂದೊಂದೇ ಗುಟುಕು ಹೋಲಿಸಿ ನೋಡುತ್ತಾ ಕುಳಿತಿದ್ದೆವು. ಸಂಬಂಧಿಕರ ಹುಡುಗಿಯ ಮದುವೆಗೆ ಒಂದು ಬೀರು ಕೊಡುತ್ತೇನೆಂದು ಮಾವನವರು ಮಾತು ಕೊಟ್ಟಿದ್ದರು. ಯಾವ ಯಾವ ಬಣ್ಣದ್ದಿದೆ ಎಂದು ಕೇಳಿದರು. ಎದುರಿಗಿದ್ದ ಲೋಟಗಳನ್ನೇ ನೋಡುತ್ತಿದ್ದ ಬಾಮೈದ, ಹಳದಿ, ಕೆಂಪು, ಕಪ್ಪು ಎಂದ. ಶುಭಕಾರ್ಯಕ್ಕೆ ಕಪ್ಪು ಬೇಡ, ಕೆಂಪು ಇರಲಿ ಎಂದರು. ಇಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು.

"ಎಷ್ಟು ದಿನ ಬಾಳಿಕೆ ಬತ್ತದ್ಲಾ?" ಎಂದರು ಮಾವ.

"ಒಳಗೆ ಜೀವ ಇರ್ತದಪ್ಪ," ಎಂದ ಇವನು, ಬಿಯರಿನ ಧ್ಯಾನದಲ್ಲೇ. "ಫ್ರಿಜ್ಜಲ್ಲಿ ಇಟ್ರೆ ಒಂದು ತಿಂಗ್ಳು."

ಮಾವನವರ ದನಿ ಏರಿತು. "ಬೀರುನ ಯಾವನ್ಲಾ ಫ್ರಿಜ್ಜಲ್ಲಿ ಇಡ್ತಾನೆ?"

ನಾನು ಫೋನು ಕಿತ್ತುಕೊಂಡು, ಹಾಗಲ್ಲ ಮಾವ, ಬಣ್ಣ ಹೊಡೆದ ಮೇಲೆ ತಣ್ಣಗೆ ಇಟ್ಟರೆ ಪೇಂಟು ಚೆನ್ನಾಗಿ ಕೂರುತ್ತದಂತೆ, ಹೊಸ ಪದ್ಧತಿ ಎಂದೆ. ಮಾವನವರು ಕೇಳಿದರು: "ಅಷ್ಟು ದೊಡ್ಡ ಫ್ರಿಜ್ಜು ಯಾರ್ ಮಾಡ್ತಾರೆ?"

೫. ಎಳ್ಳು ಬೀರುವ ದಿನ

ಸಂಕ್ರಾಂತಿಗೆ ಎಲ್ಲರೂ ಹಳ್ಳಿಗೆ ಹೋದೆವು. ಬಾಮೈದ ರಾಗಿ ಬಿಯರಿನ ಕೊನೆಯ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಯಾಕಪ್ಪಾ ಈ ಹುಚ್ಚು ಎಂದು ಕೇಳಿದೆ. "ಅಪ್ಪ ಕುಡೀದೆ ಇದ್ರೂ ಪರ್ವಾಗಿಲ್ಲ ಭಾವ," ಎಂದ. "ಅವರ ರಾಗಿ ಒಂದ್ಸಲ ಅವರ ಮನೇಗೆ ಬಂದು ಓಗ್ಲಿ."

ಅದನ್ನು ಇಡುವುದೆಲ್ಲಿ? ಫ್ರಿಜ್ಜು ನಡುಮನೆಯಲ್ಲಿ, ಎಲ್ಲರೂ ತೆಗೆಯುತ್ತಾರೆ. ಅವನ ಅಕ್ಕನೇ ಉಪಾಯ ಹೇಳಿಕೊಟ್ಟಳು. ಬೆಳಗ್ಗೆ ಎತ್ತುಗಳ ಮೈ ತೊಳೆಯುತ್ತಿದ್ದಾಗ ಬಾಮೈದನನ್ನು ಪಕ್ಕಕ್ಕೆ ಕರೆದು, ಬೀರು ಎಲ್ಲಿಟ್ಟೆ ಎಂದು ಪಿಸುಗುಟ್ಟಿದೆ.

"ಬೀರುನಲ್ಲಿ," ಎಂದ.

ಹಳೆಯ ಕಬ್ಬಿಣದ ಬೀರು. ಅಡುಗೆಮನೆಯ ಗೋಡೆಗೆ ಒತ್ತಿಕೊಂಡಿದೆ, ಆ ಕಡೆ ಬೆಳಗ್ಗೆಯಿಂದ ಪೊಂಗಲ್ಲಿನ ಒಲೆ ಉರಿಯುತ್ತಿದೆ. ಒಳಗೆ ಜೀವವಿರುವ ಬಾಟಲಿ. ಯುಗಾದಿಯವರೆಗೆ ಆ ಬೀರುವನ್ನು ಯಾರೂ ತೆಗೆಯುವುದಿಲ್ಲ ಎಂದು ಅಕ್ಕ ಭರವಸೆ ಕೊಟ್ಟಿದ್ದಳು. ಎತ್ತಿನ ಗೆಜ್ಜೆಸರ, ಕೊಂಬಿನ ಕುಚ್ಚು ಇರುವುದೇ ಅದರಲ್ಲಿ ಅನ್ನುವುದನ್ನು ಆ ಮನೆಯಲ್ಲಿ ಹುಟ್ಟಿದ ಇಬ್ಬರೂ ಮರೆತಿದ್ದರು.

ಮಧ್ಯಾಹ್ನದ ಹೊತ್ತಿಗೆ ಮಾವನವರು ಗೆಜ್ಜೆಸರಕ್ಕೆಂದು ಬಂದರು. ಆ ಬೀರುವಿನ ಬಾಗಿಲು ಬಿಗಿ. ಅವರು ಯಾವಾಗಲೂ ಮಾಡುವ ಹಾಗೆ ಮೊದಲು ಮುಷ್ಟಿಯಿಂದ ನಾಲ್ಕು ಗುದ್ದಿದರು, ಆಮೇಲೆ ಹಿಡಿ ಹಿಡಿದು ಇಡೀ ಬೀರುವನ್ನೇ ಅಲುಗಾಡಿಸಿದರು. ಬಾಗಿಲು ತೆರೆಯಿತು. ಢಬ್ ಎಂದು ಬಾಟಲಿಯ ಮುಚ್ಚಳ ತಂತಿ ಕಿತ್ತುಕೊಂಡು ಹಾರಿತು. ನೊರೆ ನೇರವಾಗಿ ಅವರ ಮುಖಕ್ಕೆ, ಮೀಸೆಗೆ, ಹೊಸ ಪಂಚೆಗೆ. ಗೆಜ್ಜೆಸರದಿಂದಲೂ ತೊಟ್ಟಿಕ್ಕುತ್ತಿತ್ತು.

ಸದ್ದಿಗೆ ನಾವೆಲ್ಲ ಓಡಿಬಂದೆವು. ಮೀಸೆಯಿಂದ ಇಳಿದ ನೊರೆಯನ್ನು ಮಾವನವರ ನಾಲಿಗೆ ತನಗೆ ತಾನೇ ನೆಕ್ಕಿತು. ಒಂದು ಕ್ಷಣ ಬಿಟ್ಟು, ಬೇಕೆಂದೇ ಇನ್ನೊಮ್ಮೆ ನೆಕ್ಕಿತು.

"ರಾಗಿ," ಎಂದರು.

"ನಿಮ್ದೇ ಅಪ್ಪ," ಎಂದ ಬಾಮೈದ. "ನಾನು ಮಾಡೋ ಬೀರು ಇದೇ. ಬಟ್ಟೆ ಇಡೋದಲ್ಲ."

ಮಾವನವರು ಮಗನನ್ನು ನೋಡಿದರು, ಬಾಟಲಿಯನ್ನು ನೋಡಿದರು, ನೆಲದ ಮೇಲೆ ಉರುಳುತ್ತಿದ್ದ ಮುಚ್ಚಳವನ್ನು ನೋಡಿದರು. "ಬೀಗ ಗಟ್ಟಿ ಇರ್ಲಿ ಅಂತ ಅವತ್ತೇ ಏಳಿದ್ದೆ," ಎಂದರು. "ಮುಚ್ಚಳಾನೇ ಗಟ್ಟಿ ಇಲ್ವಲ್ಲಾ."

ಅಷ್ಟು ಹೇಳಿ ಅಂಗಳಕ್ಕೆ ಇಳಿದರು. ನಾಲ್ಕು ಹೆಜ್ಜೆ ಹೋಗಿ ತಮ್ಮ ತೋಳನ್ನು ತಾವೇ ಮೂಸಿಕೊಂಡು ನಿಂತರು. ಮೈಯೆಲ್ಲ ಅದೇ ವಾಸನೆ. ಕಾನೂನು ಅವರದೇ. ಮಗನನ್ನು ಹತ್ತಿರ ಕರೆದು ಅವನ ಬಾಯಿ ಮೂಸಿದರು. ಅವನು ಅವತ್ತು ಒಂದು ತೊಟ್ಟೂ ಮುಟ್ಟಿರಲಿಲ್ಲ. ಒದ್ದೆ ಗೆಜ್ಜೆಸರವನ್ನು ಅವನ ಕೈಗೆ ಹಾಕಿ, "ಬಲಗಡೆ ಎತ್ತು ನೀನ್ ಇಡ್ಕ. ಎಡಗಡೇದು ನಿಮ್ ಭಾವ ಇಡ್ಕಳ್ಳಿ," ಎಂದು ಹೇಳಿ, ತಾವು ಗೇಟಿನಾಚೆ ಹೋಗಿ ಕಲ್ಲಿನ ಮೇಲೆ ಕುಳಿತರು. ಸ್ನಾನ ಮಾಡಿ ಎಂದು ಬೇಡಿಕೊಂಡರೆ, ಬಚ್ಚಲಿಗೂ ಅಂಗಳ ತುಳಿದೇ ಹೋಗಬೇಕಲ್ಲ ಎಂದು ಒಳಗೆ ಬರಲಿಲ್ಲ.

ನಾನು ಬೆರಗಾಗುವವನೇ, ಆದರೆ ಆ ದಿನ ಮಾವನವರನ್ನು ಕಂಡು ಬೆರಗಾದ ಹಾಗೆ ಯಾವ ಬಿಯರಿಗೂ ಆಗಿಲ್ಲ. ಸಂಜೆ ಕಿಚ್ಚು ಹಚ್ಚಿದರು. ನಾನು ಹಗ್ಗ ಹಿಡಿದೆನೋ ಹಗ್ಗ ನನ್ನನ್ನು ಹಿಡಿಯಿತೋ ತಿಳಿಯದು, ಬಾಮೈದ ಮಾತ್ರ ಬಲಗಡೆಯ ಎತ್ತಿನ ಜೊತೆ ಹಾರಿಯೇ ಹೋದ. ಗೇಟಿನಾಚೆ ಮಾವನವರು ಎದ್ದು ನಿಂತಿದ್ದರು.

ಅಷ್ಟರಲ್ಲಿ ಎಳ್ಳು ಬೀರಲು ಹೆಂಗಸರು ತಟ್ಟೆ ಹಿಡಿದು ಬಂದರು. ಗೇಟಿನ ಹತ್ತಿರ ಮಾವನವರ ಕೈಗೆ ಎಳ್ಳುಬೆಲ್ಲ ಹಾಕಿದ ಹಿರಿಯ ಹೆಂಗಸೊಬ್ಬರು ಮೂಗು ಮುಚ್ಚಿಕೊಂಡು, ಏನು ಅಣ್ಣಯ್ಯ ಇದು, ನಿನ್ನ ಮೈಮೇಲೆ ಎಂಥಾ ವಾಸನೆ ಎಂದು ಕೇಳಿದರು.

ಮಾವನವರು ಎಳ್ಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ನನ್ ಮಗ ಬೀರು ಮಾಡ್ತಾನೆ," ಎಂದರು. "ಮೊದ್ಲಿಂದ್ಲೂ ಅದನ್ನೇ ಏಳ್ತಾ ಇದೀನಿ. ನೀವ್ಯಾರೂ ಸರ್ಯಾಗಿ ಕೇಳಿಸ್ಕಂಡಿಲ್ಲ."