ಬದುಕಿರುವವರಿಗೆ ಶ್ರದ್ಧಾಂಜಲಿ ಸಲ್ಲಿಸುವ ಕುರಿತು

ಜನಪ್ರತಿನಿಧಿಗಳ ವಾಟ್ಸಾಪ್ ಶಿಷ್ಟಾಚಾರ ಇಲಾಖೆ, ಬಳ್ಳಾರಿ
ಸಂಖ್ಯೆ: ವಾಶಿಇ/ಓಂಶಾಂತಿ/216/ನಳ-0

ಸುತ್ತೋಲೆ

ವಿಷಯ: ವಾರ್ಡ್ ಗ್ರೂಪಿಗೆ ನಾಗರಿಕರ ಫೋಟೊ ಬಂದಾಗ ಮಾನ್ಯ ಸದಸ್ಯರು ಅನುಸರಿಸಬೇಕಾದ ಕ್ರಮ.

ಉಲ್ಲೇಖ: ಶ್ರೀಮತಿ ಪಾರಮ್ಮ ಅವರ ಧ್ವನಿಸಂದೇಶ (ಎರಡು ನಿಮಿಷ, ಬೈಗುಳ ತೆಗೆದ ನಂತರ ಒಂಬತ್ತು ಸೆಕೆಂಡ್).

ಸಿರುಗುಪ್ಪದ ವಾರ್ಡೊಂದರ ಪಾರಮ್ಮ ಅವರು, ಹನ್ನೊಂದು ದಿನದಿಂದ ನೀರು ಬಾರದ ನಳದ ಪಕ್ಕ ಖಾಲಿ ಕೊಡ ಹಿಡಿದು ನಿಂತ ಫೋಟೊವನ್ನು ಗ್ರೂಪಿಗೆ ಕಳಿಸಿರುತ್ತಾರೆ. ಗ್ರೂಪಿಗೆ ಬರುವ ಫೋಟೊ ಒಂದೋ ಹುಟ್ಟುಹಬ್ಬದ್ದು, ಇಲ್ಲವೇ ಸಾವಿನದ್ದು ಎಂಬ ರೂಢಿಯಿದ್ದು, ಫೋಟೊದಲ್ಲಿ ಸದರಿಯವರು ನಗದೇ ಇದ್ದುದರಿಂದ, ಮಾನ್ಯ ಸದಸ್ಯರು 'ಭಾವಪೂರ್ಣ ಶ್ರದ್ಧಾಂಜಲಿ' ಹಾಕಿರುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಇನ್ನೂರ ಹದಿನಾರು ಮಂದಿ 'ಓಂ ಶಾಂತಿ' ಎಂದಿರುತ್ತಾರೆ. ಸಾವಿನ ಮನೆಗೆಂದು ಹಾರದ ಜೊತೆ ನೀರಿನ ಟ್ಯಾಂಕರನ್ನೂ ಕಳಿಸಲಾಗಿ, ಪಾರಮ್ಮ ಅವರೇ ಬಾಗಿಲು ತೆರೆದುದರಿಂದ ಎರಡನ್ನೂ ವಾಪಸ್ ತರಲಾಗಿದೆ. ಆಗ ಬಂದ ಧ್ವನಿಸಂದೇಶ: "ನಾ ಇನ್ನಾ ಬದುಕೇ ಅದೀನ್ರಿ! ಹಾರ ಒಯ್ಯಿರಿ, ಟ್ಯಾಂಕರ್ ಯಾಕ ಒಯ್ತೀರಿ? ಸತ್ರಷ್ಟ ನೀರು ಕೊಡ್ತೀರೇನು?"

ಸದರಿ ಪ್ರಶ್ನೆಯನ್ನು ಪರಿಶೀಲಿಸದೆ, ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಶ್ರದ್ಧಾಂಜಲಿಗೆ ಮುನ್ನ ಮೃತರಿಗೆ ಒಮ್ಮೆ ಫೋನ್ ಮಾಡತಕ್ಕದ್ದು. ಅವರೇ ಎತ್ತಿದಲ್ಲಿ ಹುಟ್ಟುಹಬ್ಬದ ಶುಭಾಶಯ ಕೋರತಕ್ಕದ್ದು.

2. ದೂರಿನ ಫೋಟೊದಲ್ಲಿ ನಾಗರಿಕರು ನಗತಕ್ಕದ್ದು. ಹೆಚ್ಚು ನಕ್ಕಲ್ಲಿ ದೂರು ಬಗೆಹರಿದಿದೆ ಎಂದು ಭಾವಿಸಲಾಗುವುದು.

3. ದೂರಿಗೆ ಕೈಮುಗಿದ ಚಿತ್ರ ಒಂದು ಹಾಕಿದರೆ ಕ್ರಮ ಕೈಗೊಂಡಂತೆ. ಎರಡು ಹಾಕಿದರೆ ಶಂಕುಸ್ಥಾಪನೆ ನೆರವೇರಿದಂತೆ.

4. ಕುರುಗೋಡು ಭಾಗದ ಸದಸ್ಯರು 'ಶುಭೋದಯ'ದ ಜೊತೆ ಜಲಪಾತದ ಚಿತ್ರ ಹಾಕಿದ ದಿನ, ಆ ಭಾಗಕ್ಕೆ ನೀರು ಪೂರೈಕೆಯಾಗಿದೆ ಎಂದೇ ದಾಖಲಿಸತಕ್ಕದ್ದು.

5. ಟ್ಯಾಂಕರ್ ಬಂದ ಸುದ್ದಿ ತಿಳಿದು ಪಾರಮ್ಮ ಅವರ ಓಣಿಯ ಒಂಬತ್ತು ಮಂದಿ ತಮ್ಮ ಫೋಟೊಗೆ ತಾವೇ ಹಾರ ಹಾಕಿ ಗ್ರೂಪಿಗೆ ಕಳಿಸಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ನೀರಿಗಾಗಿ ಸಾಯುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

(ಸಹಿ/-)
ಶಶಿಕಾಂತ್
ಪ್ರಭಾರ ಅಧಿಕಾರಿ, ಫಾರ್ವರ್ಡ್ ವಿಭಾಗ

ಪ್ರತಿಗಳು:
1. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಎಲ್ಲ ಮಾನ್ಯ ಸದಸ್ಯರಿಗೆ: ಓದದೆ ಕೈಮುಗಿಯಲು.
2. ದುರುಗಪ್ಪ, ಹೂವಿನ ಅಂಗಡಿ: ವಾಪಸ್ ಬಂದ ಹಾರವನ್ನು ಮುಂದಿನ ಹುಟ್ಟುಹಬ್ಬಕ್ಕೆ ಕಾದಿರಿಸಲು.
3. ಹೊನ್ನೂರಪ್ಪ, ನಳಕ್ಕೆ ನೀರು ಬಿಡುವವರು: ಯಾವ ಗ್ರೂಪಿನಲ್ಲೂ ಇಲ್ಲದ ಕಾರಣ ಕಳಿಸಿರುವುದಿಲ್ಲ.
4. ಶ್ರೀಮತಿ ಪಾರಮ್ಮ: ಖುದ್ದಾಗಿ ತಲುಪಿಸಲು ಹೋದಾಗ ಮನೆಯಲ್ಲಿರಲಿಲ್ಲ. ಪಕ್ಕದ ವಾರ್ಡಿಗೆ ನೀರಿಗೆ ಹೋಗಿರುತ್ತಾರೆ. ಪ್ರತಿಯನ್ನು ಬಾಗಿಲ ಬಳಿಯಿದ್ದ ಇನ್ನೊಂದು ಖಾಲಿ ಕೊಡದಲ್ಲಿ ಹಾಕಿ ಬರಲಾಗಿದೆ.